ಮದ್ದು ಬಿಟ್ಟವರು ಯಾರು?

ನಮ್ಮ ಕರಾವಳಿಯ ಮಾತಿನಲ್ಲಿ ‘ಮದ್ದು’ ಎಂಬ ಪದ ಹೊತ್ತಿರುವಷ್ಟು ಭಾರವನ್ನು ಬೇರೆ ಯಾವ ಎರಡಕ್ಷರದ ಪದವೂ ಹೊತ್ತಿರಲಾರದು. ಜ್ವರ ಬಂದವನಿಗೆ ವೈದ್ಯರು ಕೊಡುವುದು ಮದ್ದು. ಜಾತ್ರೆಯ ರಾತ್ರಿ ಕದಿನಕ್ಕೆ ತುಂಬಿ ಸಿಡಿಸುವುದೂ ಮದ್ದು. ಆಗದವರು ಊಟದಲ್ಲಿ ಕಲೆಸಿ ಹಾಕುತ್ತಾರೆಂದು ಹಳೆಯ ಕಾಲದ ಅಜ್ಜಿಯಂದಿರು ಹೆದರುತ್ತಿದ್ದುದೂ ಮದ್ದಿಗೇ. ಮಳೆಗಾಲದಲ್ಲಿ ಅಡಕೆಯ ಗೊನೆಗೆ ಕೊಳೆರೋಗ ತಗಲದಿರಲೆಂದು ಮೈಲುತುತ್ತಿಗೆ ಸುಣ್ಣ ಬೆರಸಿ ಎರಚುವುದೂ ಮದ್ದೇ. ಗುಣಪಡಿಸುವುದು, ಸಿಡಿಯುವುದು, ಕೊಲ್ಲುವುದು, ಕಾಯುವುದು ಈ ನಾಲ್ಕಕ್ಕೂ ಒಂದೇ ಹೆಸರಿಟ್ಟ ನಮ್ಮ ಹಿರಿಯರು ಪದಸಂಪತ್ತಿನಲ್ಲಿ ಬಡವರಾಗಿದ್ದರೆಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ಪ್ರಮಾಣ ತಪ್ಪಿದರೆ, ಕೈ ತಪ್ಪಿದರೆ, ಕಾಯುವ ವಸ್ತುವೇ ಕೊಲ್ಲುವ ವಸ್ತುವಾಗುತ್ತದೆಂಬ ಎಚ್ಚರ ಆ ಒಂದು ಪದದಲ್ಲಿ ಅಡಗಿದೆ.

ಅಡಕೆಗೆ ಮದ್ದು ಬಿಡುವ ಕೆಲಸವನ್ನು ನೋಡದವರಿಗಾಗಿ ಎರಡು ಮಾತು ಹೇಳಬೇಕು. ಒಬ್ಬನು ಮರದ ತುದಿಗೆ ಹತ್ತಿ ಕುಳಿತಿರುತ್ತಾನೆ. ಇನ್ನೊಬ್ಬನು ಕೆಳಗೆ ಪಂಪು ಒತ್ತುತ್ತಾನೆ. ಹತ್ತಿದವನ ಹೆಸರು ಊರಿಗೇ ಗೊತ್ತು. ತೋಟದ ಒಡೆಯನಾರೆಂಬುದು ಗೊತ್ತು. ಹಂಡೆಯಲ್ಲಿ ಬೆರಸಿದ್ದೇನೆಂಬುದೂ ಗೊತ್ತು. ಮೈಲುತುತ್ತಿನ ನೀಲಿ ಬಣ್ಣ ಅವರ ಅಂಗಿಯಿಂದ ವರ್ಷವಿಡೀ ಹೋಗುವುದಿಲ್ಲವಾದ್ದರಿಂದ ತಾನು ಅಲ್ಲಿರಲಿಲ್ಲವೆಂದು ಯಾರೂ ವಾದಿಸುವಂತಿಲ್ಲ. ಗಾಳಿ ಬೀಸಿ ನಾಲ್ಕು ಹನಿ ನೆರೆಮನೆಯವರ ವೀಳ್ಯದ ಬಳ್ಳಿಯ ಮೇಲೆ ಬಿದ್ದರೆ ಮಧ್ಯಾಹ್ನದೊಳಗೆ ಬೇಲಿಯ ಬಳಿ ಜಗಳವಾಗಿ, ಸಾಯಂಕಾಲದೊಳಗೆ ರಾಜಿಯೂ ಆಗುತ್ತದೆ. ಅಲ್ಲಿ ವಾದಿ, ಪ್ರತಿವಾದಿ, ಸಾಕ್ಷಿ, ನ್ಯಾಯಾಧೀಶ ಎಲ್ಲರೂ ಒಂದೇ ಬೇಲಿಯ ಎರಡು ಮಗ್ಗುಲಲ್ಲಿ ಸಿಗುತ್ತಾರೆ.

ಆದರೆ ಮದ್ದು ಆಕಾಶದಿಂದ ಬೀಳತೊಡಗಿದಾಗ ಏನಾಯಿತು? ನಾನು ಹೇಳಹೊರಟದ್ದು ಆ ಕಥೆಯನ್ನು. ಅದು ವಿಷದ ಕಥೆ ಹೌದು. ಅದಕ್ಕಿಂತ ಹೆಚ್ಚಾಗಿ ರುಜುವಾತಿನ ಕಥೆ.

ಕಾಸರಗೋಡು ಜಿಲ್ಲೆಯ ಗುಡ್ಡಗಳ ನೆತ್ತಿಯಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳಿವೆ. ಗೇರು ಹೂಬಿಟ್ಟು ಚಿಗುರುವ ಕಾಲಕ್ಕೆ ಟೀ ಸೊಳ್ಳೆಯೆಂಬ ಕೀಟ ಬಂದು ರಸ ಹೀರಿ ಹೂವನ್ನು ಕರಕಾಗಿಸುತ್ತದೆ. ಅದನ್ನು ಕೊಲ್ಲಲು ೧೯೭೦ರ ದಶಕದ ಕೊನೆಯ ಭಾಗದಿಂದ ೨೦೦೦ದವರೆಗೆ, ಇಪ್ಪತ್ತು ವರ್ಷಕ್ಕೂ ಮಿಕ್ಕಿ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ವರ್ಷಕ್ಕೆ ಎರಡು ಮೂರು ಸಲ ಸುರಿದರು. ಈ ವಸ್ತು ೧೯೫೦ರ ದಶಕದಲ್ಲಿ ಬಳಕೆಗೆ ಬಂದ ಆರ್ಗನೋಕ್ಲೋರಿನ್ ವರ್ಗದ್ದು. ನರಮಂಡಲವನ್ನು ಹಿಡಿದು ಕೊಲ್ಲುವುದು ಅದರ ಕ್ರಮ. ಕೀಟಕ್ಕೂ ನರವಿದೆ, ಮನುಷ್ಯನಿಗೂ ನರವಿದೆ ಎಂಬುದನ್ನು ಯೋಚಿಸಬೇಕಾದವರು ಯೋಚಿಸಿದಂತೆ ಕಾಣಲಿಲ್ಲ.

ಆ ನೆಲದ ಲಕ್ಷಣವನ್ನು ಬಲ್ಲವರಿಗೆ ಉಳಿದದ್ದು ತಾನಾಗಿಯೇ ಹೊಳೆಯುತ್ತದೆ. ಗೇರು ಮೇಲಿನ ಮುರಕಲ್ಲಿನ ಗುಡ್ಡದಲ್ಲಿ. ಮನೆ, ತೋಟ, ಹಳ್ಳ ಕೆಳಗಿನ ಕಣಿವೆಯಲ್ಲಿ. ಜನ ಕುಡಿಯುವುದು ಗುಡ್ಡದ ಹೊಟ್ಟೆಯೊಳಗೆ ಅಡ್ಡವಾಗಿ ಕೊರೆದ ಸುರಂಗದ ನೀರನ್ನು. ಗುಡ್ಡದ ತಲೆಯ ಮೇಲೆ ಬಿದ್ದದ್ದು ಗುಡ್ಡದ ಹೊಟ್ಟೆಗೆ ಇಳಿಯಲೇಬೇಕು. ಬಾವಿಯನ್ನು ಮುಚ್ಚಿಕೊಳ್ಳಿರೆಂದು ಎಚ್ಚರಿಕೆ ಕೊಡುವುದು ಸುಲಭ. ಇಡೀ ಗುಡ್ಡಕ್ಕೆ ಮುಚ್ಚಳ ಹಾಕುವವರು ಯಾರು? ಹೆಲಿಕಾಪ್ಟರಿನ ಸದ್ದು ಕೇಳಿದರೆ ಮಕ್ಕಳು ಕುಣಿಯುತ್ತ ಅಂಗಳಕ್ಕೆ ಓಡಿ ತಲೆಯೆತ್ತಿ ನಿಲ್ಲುತ್ತಿದ್ದರೆಂದು ಆ ಕಡೆಯ ಹಿರಿಯರು ಈಗಲೂ ಹೇಳುತ್ತಾರೆ. ಮಕ್ಕಳಿಗೆ ಇದಕ್ಕಿಂತ ದೊಡ್ಡ ತಮಾಷೆ ಬೇರೇನು ಸಿಕ್ಕೀತು!

ಎಣ್ಮಕಜೆ ಪಂಚಾಯತಿಯ ಪಡ್ರೆ ಗ್ರಾಮ ಈ ಕಥೆಯ ಮುಖ್ಯ ಸ್ಥಳ. ಅಲ್ಲಿಯ ಒಂದು ಭಾಗದ ಹೆಸರೇ ಸ್ವರ್ಗ. ಮನೆಮಾತು ಕನ್ನಡ ಅಥವಾ ತುಳು. ಬದುಕು ಅಡಕೆ, ಹೈನು. ಅಪಾಯವನ್ನು ಮೊದಲು ಸಾರಿದ್ದು ಮನುಷ್ಯರಲ್ಲ, ಕರುಗಳು. ಕಾಲು ಸೊಟ್ಟಗಾದ ಕರುಗಳು ಹುಟ್ಟುತ್ತಿರುವುದನ್ನು ಕಂಡು, ಆ ಊರಿನವರೇ ಆದ ಪತ್ರಕರ್ತ ಶ್ರೀ ಪಡ್ರೆಯವರು ೧೯೮೦ರ ಸುಮಾರಿಗೇ ಇದನ್ನು ಕುರಿತು ಬರೆದರು. ಜಪಾನಿನ ಮಿನಮಾಟದಲ್ಲಿ ಪಾದರಸದ ವಿಷ ಮೊದಲು ಬೆಕ್ಕುಗಳನ್ನು ಹುಚ್ಚುಹುಚ್ಚಾಗಿ ಕುಣಿಸಿತು; ಮನುಷ್ಯರ ರೋಗವನ್ನು ವೈದ್ಯರು ಗುರುತಿಸಿದ್ದು ೧೯೫೬ರಲ್ಲಿ. ಮೂಕಪ್ರಾಣಿಗಳ ಸಾಕ್ಷ್ಯ ಎಲ್ಲ ದೇಶದಲ್ಲಿಯೂ ಮೊದಲು ಬರುತ್ತದೆ. ಎಲ್ಲ ದೇಶದಲ್ಲಿಯೂ ಅದನ್ನು ದಾಖಲು ಮಾಡಿಕೊಳ್ಳುವವರಿಲ್ಲ.

ಮುಂದೆ ಅದೇ ಊರಿನಲ್ಲಿ ವೈದ್ಯವೃತ್ತಿ ಮಾಡುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರರಿಗೆ ತಮ್ಮ ರೋಗಿಗಳ ಪಟ್ಟಿಯೇ ವಿಚಿತ್ರವಾಗಿ ಕಾಣತೊಡಗಿತು. ಇಷ್ಟು ಚಿಕ್ಕ ಊರಿನಲ್ಲಿ ಇಷ್ಟೊಂದು ಅರ್ಬುದ, ಇಷ್ಟೊಂದು ಅಪಸ್ಮಾರ, ಬುದ್ಧಿ ಬೆಳೆಯದ ಇಷ್ಟೊಂದು ಮಕ್ಕಳು ಏಕೆ? ಅವರು ಮನೆಮನೆಯ ಲೆಕ್ಕ ತೆಗೆದರು. ರೋಗದ ಮನೆಗಳು ಕೊಡೆಂಕಿರಿ ಎಂಬ ಹಳ್ಳದ ಉದ್ದಕ್ಕೂ ಒತ್ತಾಗಿ ಕಂಡುಬಂದವು. ಹಳ್ಳ ಹುಟ್ಟುವುದು ಗೇರಿನ ಗುಡ್ಡದ ಕಡೆಯಿಂದ. ಹಳ್ಳಿಯ ವೈದ್ಯನ ಬಳಿ ಪ್ರಯೋಗಶಾಲೆಯಿಲ್ಲ; ಆದರೆ ಯಾವ ಮನೆಯಲ್ಲಿ ಯಾರು ಮಲಗಿದ್ದಾರೆಂಬ ಜ್ಞಾನವಿದೆ. ಅದು ಸಣ್ಣ ಜ್ಞಾನವಲ್ಲ.

ದಕ್ಷಿಣಕ್ಕೆ ಪೆರಿಯ ಎಂಬಲ್ಲಿ ಗೇರುತೋಟದ ಬಳಿ ಮನೆ ಮಾಡಿಕೊಂಡಿದ್ದ ಲೀಲಾಕುಮಾರಿ ಅಮ್ಮ ಎಂಬವರು ಕೃಷಿ ಇಲಾಖೆಯ ಉದ್ಯೋಗಿ. ಔಷಧಿ ಸಿಂಪಡಿಸಿರೆಂದು ರೈತರಿಗೆ ಹೇಳುವ ಇಲಾಖೆಯೇ ಅವರದು. ಅವರು ಹೊಸದುರ್ಗದ ಮುನ್ಸೀಫ್ ಕೋರ್ಟಿಗೆ ಹೋಗಿ ೧೯೯೮ರಲ್ಲಿ ಸಿಂಪರಣೆಯ ವಿರುದ್ಧ ತಾತ್ಕಾಲಿಕ ತಡೆಯಾಜ್ಞೆ ತಂದರು. ೨೦೦೦ದಲ್ಲಿ ಅದು ಕಾಯಮಾಯಿತು. ಗಡಿಕಲ್ಲು ಕಿತ್ತ ತಕರಾರು, ಬಾಡಿಗೆಯ ತಕರಾರುಗಳನ್ನು ಕೇಳುವ ಒಂದು ಸಣ್ಣ ಕೋರ್ಟು ಹೆಲಿಕಾಪ್ಟರನ್ನು ನೆಲಕ್ಕಿಳಿಸಿತು. ನಮ್ಮ ದೇಶದ ನ್ಯಾಯವ್ಯವಸ್ಥೆಯ ಬಗ್ಗೆ ಕಹಿಮಾತು ಆಡುವವರು ಈ ಒಂದು ಘಟನೆಯನ್ನೂ ನೆನಪಿನಲ್ಲಿಟ್ಟುಕೊಂಡರೆ ಒಳ್ಳೆಯದು.

ಸಿಂಪರಣೆ ನಿಂತಿತು. ಪ್ರಶ್ನೆ ನಿಲ್ಲಲಿಲ್ಲ. ಮಲಗಿದವರು ಮಲಗಿಯೇ ಇದ್ದರು. ಅವರ ನಷ್ಟವನ್ನು ತುಂಬಿಕೊಡುವವರು ಯಾರು? ಇಲ್ಲಿಂದ ಮುಂದೆ ನಾವು ಹಳ್ಳದ ದಂಡೆಯನ್ನು ಬಿಟ್ಟು ಕಾಗದದ ಕಾಡನ್ನು ಹೊಗಬೇಕು.

೨೦೦೧ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಪಡ್ರೆಯ ನೀರು, ಹಾಲು, ರಕ್ತ ಮೊದಲಾದವನ್ನು ಪರೀಕ್ಷಿಸಿ ಎಂಡೋಸಲ್ಫಾನಿನ ಶೇಷ ಬಹಳವಾಗಿದೆಯೆಂದರು. ಕಾರ್ಪೊರೇಶನ್ನು ಇನ್ನೊಂದು ಪ್ರಯೋಗಶಾಲೆಯಿಂದ ಪರೀಕ್ಷೆ ಮಾಡಿಸಿತು. ಅವರು ಹಾಗೇನೂ ಇಲ್ಲವೆಂದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ಬಂದು ಪಡ್ರೆಯ ಶಾಲಾಮಕ್ಕಳನ್ನು, ಸಿಂಪರಣೆಯಿಲ್ಲದ ಮೀಂಜದ ಮಕ್ಕಳೊಡನೆ ಹೋಲಿಸಿ ನೋಡಿದರು. ಪಡ್ರೆಯ ಮಕ್ಕಳಲ್ಲಿ ಕಲಿಕೆಯ ತೊಡಕೂ ಹುಟ್ಟಿನಿಂದ ಬಂದ ಊನವೂ ಹೆಚ್ಚಾಗಿ ಕಂಡವು. ೨೦೦೩ರಲ್ಲಿ ಅವರು ಪ್ರಕಟಿಸಿದ ಲೇಖನವೊಂದರಲ್ಲಿ, ಸಿಂಪರಣೆಯ ಊರಿನ ೧೧೭ ಹುಡುಗರನ್ನೂ ಹೋಲಿಕೆಗಾಗಿ ೯೦ ಹುಡುಗರನ್ನೂ ನೋಡಿ, ಮೊದಲಿನವರಲ್ಲಿ ಹರೆಯ ತಡವಾಗಿ ಬರುತ್ತಿರುವುದನ್ನು ತೋರಿಸಿದರು. ಅದೇ ವರ್ಷ ಮತ್ತು ಮರುವರ್ಷ ಕೇಂದ್ರ ಸರ್ಕಾರದ ಸಮಿತಿಗಳು, ರೋಗಕ್ಕೂ ಎಂಡೋಸಲ್ಫಾನಿಗೂ ಸಂಬಂಧ ಸ್ಥಾಪಿತವಾಗಿಲ್ಲವೆಂದು ವರದಿ ಕೊಟ್ಟವು.

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ‘ಸಂಬಂಧವಿಲ್ಲ’ ಎಂಬುದಕ್ಕೂ ‘ಸಂಬಂಧ ಸ್ಥಾಪಿತವಾಗಿಲ್ಲ’ ಎಂಬುದಕ್ಕೂ ಅಜಗಜಾಂತರವಿದೆ. ಮೊದಲನೆಯದು ಜಗತ್ತಿನ ಸಂಗತಿ. ಎರಡನೆಯದು ನಮ್ಮ ತಿಳಿವಳಿಕೆಯ ಸ್ಥಿತಿ. ಆದರೆ ಕಚೇರಿಯ ಮೇಜಿನಿಂದ ಮೇಜಿಗೆ ಸಾಗುವಾಗ ಎರಡನೆಯ ಮಾತು ಮೊದಲನೆಯದರ ವೇಷ ಹಾಕಿಕೊಳ್ಳುತ್ತದೆ.

ನಿಜಕ್ಕೂ ಇಲ್ಲಿ ಒಂದು ತೊಡಕಿದೆ. ಅದನ್ನು ಮುಚ್ಚಿಟ್ಟು ವಾದ ಮಾಡುವುದು ನ್ಯಾಯವಲ್ಲ. ಊನವಾದ ಮಗು ವಿಷ ಬೀಳದ ಊರಿನಲ್ಲಿಯೂ ಹುಟ್ಟುತ್ತದೆ. ಅರ್ಬುದ ಎಲ್ಲಿಯೂ ಬರುತ್ತದೆ. ಒಂದು ಊರಿನಲ್ಲಿ ಹತ್ತು ಮಂದಿಗೆ ಬರಬಹುದಾದ ರೋಗ ಇಪ್ಪತ್ತು ಮಂದಿಗೆ ಬಂತೆಂದು ಊಹಿಸಿಕೊಳ್ಳಿ. ಹೆಚ್ಚಿನ ಹತ್ತಕ್ಕೆ ವಿಷ ಕಾರಣವೆಂದು ಶಾಸ್ತ್ರ ಹೇಳಬಲ್ಲದು. ಆದರೆ ಆ ಹತ್ತು ಮಂದಿ ಯಾರೆಂದು ಬೆರಳಿಟ್ಟು ತೋರಿಸಲಾರದು. ಶಾಸ್ತ್ರ ಮಾತಾಡುವುದು ಊರಿನ ಬಗ್ಗೆ. ನ್ಯಾಯಾಲಯ ಕೇಳುವುದು ಒಬ್ಬನನ್ನು: ‘ನೀನು ಆ ಹತ್ತರಲ್ಲಿ ಒಬ್ಬನೆಂಬುದಕ್ಕೆ ರುಜುವಾತು ಏನು?’ ಇಪ್ಪತ್ತು ಮಂದಿಯಲ್ಲಿ ಯಾರೂ ಈ ಪ್ರಶ್ನೆಗೆ ಉತ್ತರ ಕೊಡಲಾರರು. ಹತ್ತು ಮಂದಿಗೆ ಹಾನಿಯಾದದ್ದು ಖಂಡಿತ. ಪರಿಹಾರಕ್ಕೆ ಅರ್ಹನಾದವನು ಒಬ್ಬನೂ ಇಲ್ಲ! ತರ್ಕಶಾಸ್ತ್ರದಲ್ಲಿ ಇದಕ್ಕಿಂತ ಕ್ರೂರವಾದ ಸಮಸ್ಯೆಯನ್ನು ನಾನು ಕಂಡಿಲ್ಲ.

ಜಪಾನಿನವರು ಇದಕ್ಕೊಂದು ದಾರಿ ಕಂಡುಕೊಂಡರು. ಯೊಕ್ಕಾಯಿಚಿ ಎಂಬ ಪಟ್ಟಣದಲ್ಲಿ ಕಾರ್ಖಾನೆಗಳ ಹೊಗೆಯಿಂದ ಉಬ್ಬಸ ಬಂದವರ ದಾವೆಯಲ್ಲಿ ೧೯೭೨ರಲ್ಲಿ ನ್ಯಾಯಾಲಯ, ಇಡೀ ಪ್ರದೇಶದ ರೋಗದ ಲೆಕ್ಕವನ್ನೇ ಕಾರಣಕ್ಕೆ ಆಧಾರವೆಂದು ಸ್ವೀಕರಿಸಿತು. ಮರುವರ್ಷ ಅಲ್ಲಿ ಬಂದ ಕಾಯಿದೆ ಇನ್ನೂ ಮುಂದೆ ಹೋಯಿತು: ಗೊತ್ತುಮಾಡಿದ ಪ್ರದೇಶದಲ್ಲಿ ಗೊತ್ತುಮಾಡಿದಷ್ಟು ಕಾಲ ಇದ್ದು ಗೊತ್ತುಮಾಡಿದ ರೋಗಕ್ಕೆ ತುತ್ತಾದವನಿಗೆ, ‘ನೀನು ಹತ್ತರಲ್ಲಿ ಒಬ್ಬನೋ’ ಎಂದು ಕೇಳದೆ ಪರಿಹಾರ ಕೊಡತಕ್ಕದ್ದು. ಅಂದರೆ ಸಂಶಯದ ಭಾರವನ್ನು ಮಲಗಿದವನ ಎದೆಯಿಂದ ಇಳಿಸಿ ಹೊಗೆ ಬಿಟ್ಟವನ ಹೆಗಲಿಗೆ ಹೊರಿಸಿದರು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಪಾಠ ಕಲಿತದ್ದೆಲ್ಲ ಹೆಣಗಳ ಮುಂದೆ ನಿಂತು. ೧೯೫೮ರಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಬೆರೆತ ಗೋಧಿಹಿಟ್ಟನ್ನು ತಿಂದು ಕೇರಳದಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ವಿಚಾರಣೆ ನಡೆದು, ಕೀಟನಾಶಕಗಳ ಕಾಯಿದೆ ಬಂದದ್ದು ೧೯೬೮ರಲ್ಲಿ. ೧೯೮೪ರ ಡಿಸೆಂಬರ್ ೨ರ ರಾತ್ರಿ ಭೋಪಾಲದಲ್ಲಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಅನಿಲ ಸೋರಿ ಸಾವಿರಾರು ಜನ ಸತ್ತರು. ಪರಿಸರ ಸಂರಕ್ಷಣಾ ಕಾಯಿದೆ ಬಂದದ್ದು ೧೯೮೬ರಲ್ಲಿ. ಸಂತ್ರಸ್ತರೆಲ್ಲರ ಪರವಾಗಿ ವಾದಿಸುವ ಅಧಿಕಾರವನ್ನು ಸರ್ಕಾರವೇ ತೆಗೆದುಕೊಂಡು, ೩೩೦ ಕೋಟಿ ಡಾಲರು ಬೇಕೆಂದು ದಾವೆ ಹೂಡಿ, ೧೯೮೯ರ ಫೆಬ್ರವರಿಯಲ್ಲಿ ೪೭ ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಆ ಮೊತ್ತ ಸಾಲದೆಂದು ಮತ್ತೆ ಸಲ್ಲಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟು ೨೦೨೩ರ ಮಾರ್ಚಿಯಲ್ಲಿ ತಳ್ಳಿಹಾಕಿತು.

ಇದರ ನಡುವೆ ಒಂದು ದೊಡ್ಡ ಮಾತು ನಮ್ಮ ನ್ಯಾಯಾಲಯದ ಬಾಯಿಂದ ಬಂತು. ೧೮೬೮ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಒಂದು ತೀರ್ಪು ಕೊಟ್ಟಿತ್ತು. ಗಿರಣಿಯವನೊಬ್ಬ ತನ್ನ ನೆಲದಲ್ಲಿ ಕಟ್ಟಿಸಿದ ಜಲಾಶಯದ ನೀರು ನೆರೆಯವನ ಕಲ್ಲಿದ್ದಲ ಗಣಿಗೆ ನುಗ್ಗಿದಾಗ, ಅಪಾಯದ ವಸ್ತುವನ್ನು ತಂದಿಟ್ಟುಕೊಂಡವನೇ ಅದು ಹೊರಬಿದ್ದು ಮಾಡಿದ ಹಾನಿಗೆ ಹೊಣೆ ಎಂದು ಅದು ಹೇಳಿತು. ಆದರೆ ದೈವಘಟನೆ, ಮೂರನೆಯವನ ಕೃತ್ಯ ಎಂದು ನಾಲ್ಕಾರು ಹಿಂಬಾಗಿಲುಗಳನ್ನು ತೆರೆದಿಟ್ಟಿತ್ತು. ೧೯೮೫ರ ಡಿಸೆಂಬರಿನಲ್ಲಿ ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿದ ಮೊಕದ್ದಮೆಯಲ್ಲಿ ೧೯೮೬ರಲ್ಲಿ ನ್ಯಾಯಮೂರ್ತಿ ಭಗವತಿಯವರ ಪೀಠ ಆ ಹಿಂಬಾಗಿಲುಗಳನ್ನೆಲ್ಲ ಮುಚ್ಚಿತು. ಅಪಾಯಕಾರಿ ಉದ್ಯಮ ನಡೆಸುವವನು ಎಷ್ಟೇ ಎಚ್ಚರ ವಹಿಸಿದ್ದರೂ ಹಾನಿಗೆ ಪೂರ್ಣ ಹೊಣೆ. ಉದ್ಯಮ ದೊಡ್ಡದಾದಷ್ಟೂ ತೆರಬೇಕಾದ ಪರಿಹಾರವೂ ದೊಡ್ಡದು ಎಂದಿತು. ಇದು ನಮ್ಮ ನೆಲದಲ್ಲಿಯೇ ಹುಟ್ಟಿದ ತತ್ತ್ವ. ನಾವು ಯಾರಿಂದಲೂ ಕಡ ತಂದದ್ದಲ್ಲ.

ಆದರೂ ಭೋಪಾಲಕ್ಕೂ ಪಡ್ರೆಗೂ ಒಂದು ವ್ಯತ್ಯಾಸವಿದೆ. ಭೋಪಾಲದ ವಿಷಕ್ಕೆ ಒಂದು ರಾತ್ರಿಯಿದೆ, ಒಂದು ಗೋಡೆಯಿದೆ, ಗೋಡೆಯ ಮೇಲೆ ಒಂದು ಹೆಸರಿದೆ. ಪಡ್ರೆಯ ವಿಷಕ್ಕೆ ರಾತ್ರಿಯಿಲ್ಲ; ಅದು ಇಪ್ಪತ್ತು ವರ್ಷ ಹಗಲಿನಲ್ಲಿಯೇ ಬಿದ್ದದ್ದು. ೨೦೧೦ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಕಾಯಿದೆ ಒಂದು ಕೈಯಲ್ಲಿ ‘ತಪ್ಪಿದೆಯೋ ಇಲ್ಲವೋ ಎಂದು ನೋಡದೆ ಹೊಣೆ ಹೊರಿಸಬಹುದು’ ಎಂದು ಔದಾರ್ಯ ತೋರಿಸುತ್ತದೆ. ಇನ್ನೊಂದು ಕೈಯಲ್ಲಿ ‘ಪರಿಹಾರಕ್ಕೆ ಕಾರಣ ಮೊದಲು ಒದಗಿದ ಐದು ವರ್ಷದೊಳಗೆ ಬನ್ನಿ’ ಎಂದು ಗಡುವು ಹಾಕುತ್ತದೆ. ತಡಕ್ಕೆ ತಕ್ಕ ಕಾರಣವಿದ್ದರೆ ಮೇಲೆ ಅರವತ್ತು ದಿನದ ರಿಯಾಯಿತಿ. ರಕ್ತದಲ್ಲಿ ಕುಳಿತು ಹತ್ತಾರು ವರ್ಷದ ಮೇಲೆ ತಲೆಯೆತ್ತುವ ವಿಷಕ್ಕೆ ಈ ಪಂಚಾಂಗ ಗೊತ್ತಿಲ್ಲ.

ಗೇರುತೋಟ ಗಡಿಯ ಆಚೆಗೆ ಮಾತ್ರ ಇರಲಿಲ್ಲ. ನಮ್ಮ ದಕ್ಷಿಣ ಕನ್ನಡದಲ್ಲಿಯೂ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆ ಮೊದಲಾದ ಊರುಗಳ ಸುತ್ತ ಇದೇ ಮದ್ದು ಬಿದ್ದಿತ್ತು. ನಾನು ಪಾಠ ಹೇಳುವ ಕಾಲೇಜಿಗೆ ಇಂಥ ಊರುಗಳ ಮಕ್ಕಳೂ ಬರುತ್ತಾರೆ. ಈಚೆಗೆ ಒಂದು ದಿನ ವಿದ್ಯಾರ್ಥಿಯೊಬ್ಬ, ತರಗತಿ ಮುಗಿದ ಮೇಲೆ, ನಾಲ್ಕಾಗಿ ಮಡಚಿದ ಒಂದು ಹಾಳೆಯನ್ನು ತಂದು ಮುಂದಿಟ್ಟ.

“ಸರ್, ಇದು ಅಪ್ಪ ಬರೆದ ಅರ್ಜಿ. ಕಚೇರಿಯಿಂದ ವಾಪಸು ಬಂತು. ಸ್ವಲ್ಪ ಆಫೀಸಿನ ಕನ್ನಡದಲ್ಲಿ ಬರೆದುಕೊಡಬೇಕಂತೆ” ಎಂದ.

ಹಾಳೆಯ ಮೇಲೆ ಮೂರೇ ವಾಕ್ಯಗಳಿದ್ದವು. ‘ನಮ್ಮ ಮನೆಯ ಮೇಲಿನ ಗುಡ್ಡೆಗೆ ಮದ್ದು ಬಿಟ್ಟರು. ಮರುವರ್ಷ ದೊಡ್ಡ ಮಗ ಹುಟ್ಟಿದ. ಅವನು ಇಲ್ಲಿಯವರೆಗೆ ಎದ್ದು ನಿಂತಿಲ್ಲ.’ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಯಾರೋ ಬರೆದಿದ್ದರು: ‘ಕಾರಣಕ್ಕೆ ಆಧಾರ ಲಗತ್ತಿಸಿರುವುದಿಲ್ಲ.’ ಹುಡುಗನ ಅಣ್ಣನಿಗೆ ಈಗ ಇಪ್ಪತ್ತಾರು ವರ್ಷ. ಅವನನ್ನು ದಿನವೂ ಸ್ನಾನಕ್ಕೆ ಎತ್ತಿಕೊಂಡು ಹೋಗುವುದು ತಾಯಿ. ‘ಅಮ್ಮನಿಗೆ ಈಗೀಗ ಸೊಂಟ ಹಿಡಿಯುತ್ತದೆ’ ಎಂದು ಆ ಹುಡುಗ, ಹವಾಮಾನದ ಸಂಗತಿ ಹೇಳುವವನಂತೆ, ಹೇಳಿದ.

ಕನ್ನಡ ಎಂ.ಎ. ಮಾಡಿದವನಿಗೆ ಆಫೀಸಿನ ಕನ್ನಡ ಬರೆಯುವುದು ಅಸಾಧ್ಯವೇನಲ್ಲ. ‘ಸದರಿ ಗುಡ್ಡ ಪ್ರದೇಶದಲ್ಲಿ ಕೀಟನಾಶಕವು ಸಿಂಪಡಿಸಲ್ಪಟ್ಟಿದ್ದು’ ಎಂದು ಶುರು ಮಾಡಬೇಕು. ಆದರೆ ಲೇಖನಿ ಹಿಡಿದ ಕ್ಷಣದಲ್ಲಿಯೇ ಆ ವಾಕ್ಯದ ಗುಟ್ಟು ನನಗೆ ಹೊಳೆಯಿತು. ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗಗಳೆಂದು ನಾವು ವ್ಯಾಕರಣದ ತರಗತಿಯಲ್ಲಿ ಪಾಠ ಹೇಳುತ್ತೇವೆ. ‘ಬಿಟ್ಟರು’ ಎಂದಾಗ ಅದರ ಹೊಟ್ಟೆಯಲ್ಲಿಯೇ ‘ಅವರು’ ಇದ್ದಾರೆ. ಕನ್ನಡದ ಕ್ರಿಯಾಪದ ಮಾಡಿದವರ ಗುರುತನ್ನು ತನ್ನ ಬಾಲದಲ್ಲಿ ಕಟ್ಟಿಕೊಂಡೇ ನಡೆಯುತ್ತದೆ. ‘ಸಿಂಪಡಿಸಲ್ಪಟ್ಟಿತು’ ಎಂದಾಗ ಕರ್ತೃ ಮೆಲ್ಲನೆ ಹಿಂಬಾಗಿಲಿನಿಂದ ಹೊರಟುಹೋಗುತ್ತಾನೆ. ಮದ್ದು ಉಳಿಯುತ್ತದೆ, ಗುಡ್ಡ ಉಳಿಯುತ್ತದೆ, ಮಲಗಿದ ಮಗ ಉಳಿಯುತ್ತಾನೆ. ಮಾಡಿದವರು ಮಾತ್ರ ಇರುವುದಿಲ್ಲ. ಈ ಕರ್ಮಣಿ ಪ್ರಯೋಗ ನಮ್ಮ ಆಡುಮಾತಿಗೆ ಒಗ್ಗಿದ್ದಲ್ಲ. ಯಾವ ತಾಯಿಯೂ ‘ಮಗುವಿಗೆ ಹಾಲು ಕುಡಿಸಲ್ಪಟ್ಟಿತು’ ಎನ್ನುವುದಿಲ್ಲ. ಅದು ಹೆಚ್ಚಾಗಿ ಬದುಕಿರುವುದು ವರದಿಗಳಲ್ಲಿ, ಸುತ್ತೋಲೆಗಳಲ್ಲಿ.

ನಾನು ಆ ತಂದೆಯ ಮೂರು ವಾಕ್ಯಗಳನ್ನು ಒಂದಕ್ಷರವೂ ಕದಲಿಸದೆ ಮೇಲೆ ಬರೆದೆ. ಕೆಳಗೆ ಗುಡ್ಡದ ಹೆಸರು, ಮನೆಯಿಂದ ಅದಕ್ಕಿರುವ ದೂರ, ಕುಡಿಯುವ ನೀರಿನ ಮೂಲ, ಮಗ ಹುಟ್ಟಿದ ತಾರೀಖು, ವೈದ್ಯರ ಪತ್ರಗಳು ಎಲ್ಲವನ್ನೂ ಅಂಕೆ ಹಾಕಿ ಜೋಡಿಸಿದೆವು. ಹುಡುಗ ಓದಿ ನೋಡಿ ಅನುಮಾನದಿಂದ ಕೇಳಿದ:

“ಸರ್, ‘ಬಿಟ್ಟರು’ ಅಂದರೆ ಯಾರು ಅಂತ ಅವರು ಕೇಳಿದರೆ?”

“ಕೇಳಲಿ ಎಂದೇ ಹಾಗೆ ಬರೆದದ್ದು” ಎಂದೆ.

ಅವನು ನಗಲಿಲ್ಲ. ಹಾಳೆಯನ್ನು ಮತ್ತೆ ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡು ಬಸ್ಸಿನ ಹೊತ್ತಾಯಿತೆಂದು ಹೊರಟ. ಆ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ.

ಯಾರು ಎಂಬ ಪ್ರಶ್ನೆಯನ್ನು ನ್ಯಾಯಾಲಯಗಳೂ ಕೇಳುತ್ತ ಬಂದಿವೆ. ೨೦೧೧ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಎಂಡೋಸಲ್ಫಾನನ್ನು ನಿಷೇಧಿಸಿತು. ಅದೇ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಕೆಲವು ವಿನಾಯಿತಿಗಳೊಡನೆ ಅದನ್ನು ಜಗತ್ತಿನಿಂದಲೇ ತೊಲಗಿಸಬೇಕಾದ ವಸ್ತುಗಳ ಪಟ್ಟಿಗೆ ಸೇರಿಸಿದವು. ಮೇ ೧೩ರಂದು ನಮ್ಮ ಸುಪ್ರೀಂ ಕೋರ್ಟು ದೇಶದಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ಮಧ್ಯಂತರ ಆಜ್ಞೆಯಿಂದ ತಡೆಯಿತು. ಸಂವಿಧಾನದ ೨೧ನೆಯ ವಿಧಿ ಕೊಟ್ಟ ಜೀವಿಸುವ ಹಕ್ಕು ಅದಕ್ಕೆ ಒಂದು ಆಧಾರ. ಹಾನಿ ಪೂರ್ತಿ ರುಜುವಾತಾಗುವವರೆಗೆ ಕಾಯಬೇಕಾಗಿಲ್ಲ ಎಂಬ ಮುನ್ನೆಚ್ಚರಿಕೆಯ ತತ್ತ್ವ ಇನ್ನೊಂದು. ಹಾವೋ ಹಗ್ಗವೋ ಎಂದು ಗೊತ್ತಾಗದ ಕತ್ತಲೆಯಲ್ಲಿ ಕಾಲು ಹಿಂದೆಗೆಯುವುದು ಹೇಡಿತನವಲ್ಲ, ವಿವೇಕ ಎಂದು ನಮ್ಮ ಹಳ್ಳಿಯ ಮುದುಕರೂ ಹೇಳಿಯಾರು.

೨೦೧೭ರ ಜನವರಿ ೧೦ರಂದು ಅದೇ ನ್ಯಾಯಾಲಯ, ಸಂತ್ರಸ್ತರ ಪಟ್ಟಿಯಲ್ಲಿದ್ದವರಿಗೆ ತಲಾ ೫ ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆಜ್ಞೆ ಮಾಡಿತು. ಬೇಕಾದರೆ ಆ ಹಣವನ್ನು ಕೇಂದ್ರದಿಂದಲೋ ತಯಾರಕರಿಂದಲೋ ವಸೂಲು ಮಾಡಿಕೊಳ್ಳಬಹುದೆಂದಿತು. ‘ನೀನು ಹತ್ತರಲ್ಲಿ ಒಬ್ಬನೋ’ ಎಂಬ ಪ್ರಶ್ನೆಯನ್ನು ಒಬ್ಬೊಬ್ಬರಿಗೂ ಹಾಕದೆ ಪಟ್ಟಿಯನ್ನೇ ನಂಬಿದ್ದು ದೊಡ್ಡ ಹೆಜ್ಜೆ. ಮೂರು ತಿಂಗಳು ಐದು ವರ್ಷವಾಯಿತು. ೨೦೨೨ರ ಮೇ ತಿಂಗಳಲ್ಲಿ ಮತ್ತೆ ವಿಚಾರಣೆ ಬಂದಾಗ ೩,೭೦೪ ಸಂತ್ರಸ್ತರಲ್ಲಿ ೮ ಮಂದಿಗೆ ಮಾತ್ರ ಹಣ ಸಂದಿರುವುದು ಕಂಡಿತು. ಆ ಎಂಟು ಮಂದಿ ಯಾರು? ನ್ಯಾಯಾಲಯ ನಿಂದನೆಯ ಅರ್ಜಿ ಹಾಕಿದವರು! ಹಾಸಿಗೆ ಹಿಡಿದವರೇ ೧೦೨ ಮಂದಿ ಇದ್ದರು. ಅವರು ಎದ್ದು ಕೋರ್ಟಿಗೆ ಹೋಗುವ ಸ್ಥಿತಿಯಲ್ಲಿರಲಿಲ್ಲ. ನ್ಯಾಯಮೂರ್ತಿಗಳು ಕಟುವಾಗಿ ಆಕ್ಷೇಪಿಸಿ, ಅರ್ಜಿದಾರರಿಗೆ ಖರ್ಚಿಗಾಗಿ ತಲಾ ೫೦,೦೦೦ ರೂಪಾಯಿ ಕೊಡಿಸಿದರು. ಆಮೇಲೆ ಉಳಿದವರಿಗೂ ಹಣ ಹರಿಯತೊಡಗಿತು. ಇತ್ತ ನಮ್ಮ ರಾಜ್ಯದಲ್ಲಿ ಉಚ್ಚ ನ್ಯಾಯಾಲಯವೂ ಈ ವಿಷಯವನ್ನು ಕೈಗೆತ್ತಿಕೊಂಡಿತು, ಮಾಸಾಶನ ಬಂತು, ಕೊಕ್ಕಡ, ಕೊಯಿಲಗಳಲ್ಲಿ ಹಗಲುಹೊತ್ತು ಇಂಥವರನ್ನು ನೋಡಿಕೊಳ್ಳುವ ಪಾಲನಾ ಕೇಂದ್ರಗಳು ತೆರೆದವು. ಹಗಲು ನಾಲ್ಕು ಗಂಟೆ ಮಗನನ್ನು ಬೇರೆ ಕೈಗೆ ಒಪ್ಪಿಸಬಲ್ಲ ತಾಯಿಗೆ ಅದರ ಬೆಲೆ ಗೊತ್ತು.

ಇಷ್ಟಾದರೂ ಕರ್ತೃ ಸಿಕ್ಕಿದನೇ? ಮದ್ದು ಬಿಡಿಸಿದ ಕಾರ್ಪೊರೇಶನ್ನು ಸರ್ಕಾರದ್ದು. ಮದ್ದಿಗೆ ಪರವಾನಗಿ ಕೊಟ್ಟದ್ದು ಸರ್ಕಾರ. ಮದ್ದು ತಯಾರಿಸುತ್ತಿದ್ದವರಲ್ಲಿ ಹಿಂದೂಸ್ತಾನ್ ಇನ್ಸೆಕ್ಟಿಸೈಡ್ಸ್ ಎಂಬ ಕೇಂದ್ರ ಸರ್ಕಾರದ ಕಂಪೆನಿಯೂ ಒಂದು. ಕೊನೆಗೆ ಪರಿಹಾರ ಕೊಟ್ಟದ್ದೂ ಸರ್ಕಾರದ ಬೊಕ್ಕಸ. ಅಂದರೆ ಸಂತ್ರಸ್ತನೂ ಬೆಂಕಿಪೆಟ್ಟಿಗೆ ಕೊಳ್ಳುವಾಗ ತೆರಿಗೆ ಕೊಟ್ಟು ತುಂಬಿಸಿದ ಬೊಕ್ಕಸ. ಅಷ್ಟೇ ಅಲ್ಲ. ಆ ಗೇರುಬೀಜ ಎಲ್ಲಿಗೆ ಹೋಯಿತು? ಹಬ್ಬದ ಪಾಯಸದಲ್ಲಿ, ಮದುವೆಯ ಹೋಳಿಗೆಯ ಪಕ್ಕದ ಬರ್ಫಿಯಲ್ಲಿ ಅದು ನಮ್ಮೆಲ್ಲರ ಎಲೆಗೆ ಬಿದ್ದಿತ್ತು. ‘ಬಿಟ್ಟರು’ ಎಂಬ ಕ್ರಿಯಾಪದದ ಬಾಲವನ್ನು ಹಿಡಿದು ಹೊರಟರೆ ಪ್ರಥಮ ಪುರುಷದಿಂದ ಉತ್ತಮ ಪುರುಷಕ್ಕೆ ದಾರಿ ಬಹಳ ದೂರವಿಲ್ಲ. ಹಾಗೆಂದು ಎಲ್ಲರೂ ಹೊಣೆಯೆಂದು ಹೇಳಿ ಯಾರನ್ನೂ ಹೊಣೆ ಮಾಡದೆ ಬಿಡುವ ಉಪಾಯವನ್ನು ನಾನು ಸಮರ್ಥಿಸುವವನಲ್ಲ. ಪಾಯಸ ಉಂಡವನ ಪಾಲು ಬೇರೆ. ಗುಡ್ಡದ ಕೆಳಗೆ ಮನೆಗಳಿವೆಯೆಂದು ತಿಳಿದೂ ಆಜ್ಞೆಗೆ ರುಜು ಹಾಕಿದವನ ಪಾಲು ಬೇರೆ. ಆ ಪಾಲುಗಳನ್ನು ಬಿಡಿಸಿ ತೂಗುವುದಕ್ಕೇ ಕಾನೂನೆಂಬ ತಕ್ಕಡಿ ಇರುವುದು.

‘ಪರಿಹಾರ’ ಎಂಬ ಪದವನ್ನೂ ನಮ್ಮ ಭಾಷೆ ಎರಡು ಅರ್ಥದಲ್ಲಿ ಬಳಸುತ್ತದೆ. ಪಾಪಪರಿಹಾರ, ರೋಗಪರಿಹಾರ ಎಂದಾಗ ಕೆಡುಕು ಇಲ್ಲವಾಗುವುದು ಎಂದರ್ಥ. ಪರಿಹಾರಧನ ಎಂದಾಗ ಇಲ್ಲವಾಗದ ಕೆಡುಕಿಗೆ ಪ್ರತಿಯಾಗಿ ಎಣಿಸಿ ಕೊಡುವ ದುಡ್ಡು ಎಂದರ್ಥ. ಮೊದಲನೆಯದನ್ನು ಯಾವ ನ್ಯಾಯಾಲಯವೂ ಕೊಡಲಾರದು. ಎರಡನೆಯದನ್ನಾದರೂ ತಾಯಿಯ ಸೊಂಟ ಪೂರ್ತಿ ಬಗ್ಗುವ ಮೊದಲು ಕೊಡಬಹುದು. ಐದು ಲಕ್ಷ ರೂಪಾಯಿ ಮಗನನ್ನು ಎಬ್ಬಿಸಿ ನಿಲ್ಲಿಸುವುದಿಲ್ಲ. ಆದರೆ ಅವನನ್ನು ಸ್ನಾನಕ್ಕೆ ಎತ್ತುವುದಕ್ಕೆ ಇನ್ನೊಂದು ಜೊತೆ ಕೈಗಳನ್ನು ತರುತ್ತದೆ. ತಾನು ಸತ್ತ ಮೇಲೆ ಇವನನ್ನು ಎತ್ತುವವರಾರು ಎಂದು ರಾತ್ರಿಯೆಲ್ಲ ಎಚ್ಚರವಾಗಿರುವ ತಾಯಿಗೆ, ಆ ಎರಡು ಕೈಗಳೇ ಕಾನೂನು ಕೊಡಬಹುದಾದ ಮದ್ದು.